ಶಾಂಪೇನ್ ಪ್ರಾಂತದ ಮದ್ಯಗೃಹಗಳು ಮತ್ತು ನಂದಗುಡಿ ಸೀಮೆಯ ದ್ರಾಕ್ಷಿ

ಹೊಸಕೋಟೆ ತಾಲ್ಲೂಕಿನ ನಂದಗುಡಿಯಿಂದ ದೇವನಹಳ್ಳಿ, ದೊಡ್ಡಬಳ್ಳಾಪುರಗಳವರೆಗೆ ಹಬ್ಬಿರುವ ಕೆಮ್ಮಣ್ಣಿನ ಸೀಮೆಯಲ್ಲಿ, ರಾಗಿಯ ಹೊಲಗಳ ನಡುವೆ ದ್ರಾಕ್ಷಿಯ ಚಪ್ಪರಗಳು ಕಾಣುವುದು ಹೊಸ ಸಂಗತಿಯೇನಲ್ಲ. ಈ ಸೀಮೆಯನ್ನು ಫ್ರಾನ್ಸಿನ ಈಶಾನ್ಯ ಭಾಗದ ಶಾಂಪೇನ್ ಪ್ರಾಂತದೊಡನೆ ಹೋಲಿಸುವುದು ಮೇಲ್ನೋಟಕ್ಕೆ ವಿಚಿತ್ರವೆನಿಸಬಹುದು. ಆದರೆ 1988ರಲ್ಲಿ ಕನ್ವಲ್ ಗ್ರೋವರ್ ಅವರು ನಂದಿಬೆಟ್ಟದ ತಪ್ಪಲಿನಲ್ಲಿ ಫ್ರೆಂಚ್ ತಳಿಗಳ ತೋಟವನ್ನು ಹಾಕಿದಾಗ ಅವರಿಗೆ ನೆರವಾದ ಜಾರ್ಜ್ ವೆಸೆಲ್ ಎಂಬವರು, ರೀಮ್ಸ್ ನಗರದ ಮುಮ್ ಎಂಬ ಪ್ರಾಚೀನ ಶಾಂಪೇನ್ ಗೃಹದ ತಾಂತ್ರಿಕ ನಿರ್ದೇಶಕರಾಗಿದ್ದವರು. ಹೀಗೆ ಎರಡು ಸೀಮೆಗಳ ನಡುವೆ ಒಂದು ನೇರ ಸಂಬಂಧವೇ ಏರ್ಪಟ್ಟಿತು. ಅಲ್ಲಿಂದ ಬಂದ ಬಳ್ಳಿಯ ವಿಚಾರ ಎಲ್ಲರಿಗೂ ತಿಳಿದಿದೆ. ಅಲ್ಲಿಯ ಚರಿತ್ರೆಯಿಂದ ನಮ್ಮ ಬೆಳೆಗಾರನು ಪಡೆಯಬಹುದಾದ ಪಾಠವೇನು ಎಂಬುದನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ಶಾಂಪೇನ್ ಮದ್ಯವನ್ನು ಡಾಮ್ ಪೆರಿನ್ಯೋನ್ ಎಂಬ ಸಂನ್ಯಾಸಿಯು ಕಂಡುಹಿಡಿದನೆಂಬ ಪ್ರತೀತಿಯುಂಟು. 1668ರಿಂದ 1715ರವರೆಗೆ ಓವಿಲ್ಲೇರ್ ಮಠದ ಉಗ್ರಾಣವನ್ನು ನೋಡಿಕೊಂಡಿದ್ದ ಈತನಿಗೆ ನೊರೆಗುಳ್ಳೆಯು ಒಂದು ದೋಷವಾಗಿ ಕಂಡಿತ್ತೆಂಬುದೂ, ಅದನ್ನು ತಡೆಯುವುದೇ ಆತನ ಯತ್ನವಾಗಿತ್ತೆಂಬುದೂ ಇಂದಿನ ಇತಿಹಾಸಕಾರರ ಅಭಿಪ್ರಾಯ. ಆ ಶೀತಪ್ರದೇಶದಲ್ಲಿ ಚಳಿಗಾಲ ಬಂದೊಡನೆ ರಸದ ಹುದುಗು ಅರ್ಧಕ್ಕೇ ನಿಂತು, ವಸಂತದಲ್ಲಿ ಮರಳಿ ಎಚ್ಚರಗೊಳ್ಳುತ್ತಿತ್ತು; ಆಗ ಹುಟ್ಟಿದ ಅನಿಲವು ಸೀಸೆಗಳನ್ನು ಒಡೆಯುತ್ತಿತ್ತು. ಪ್ರಕೃತಿಯ ಈ ತೊಡಕನ್ನು ಗುಣವಾಗಿ ಮಾರ್ಪಡಿಸಿದುದು ಹಲವು ಕೈಗಳ ಕೆಲಸ. ಸಕ್ಕರೆ ಸೇರಿಸಿದರೆ ಮದ್ಯವು ನೊರೆಯುಕ್ಕುವುದೆಂದು ಇಂಗ್ಲೆಂಡಿನ ಕ್ರಿಸ್ಟೋಫರ್ ಮೆರೆಟ್ 1662ರಲ್ಲಿಯೇ ರಾಯಲ್ ಸೊಸೈಟಿಗೆ ತಿಳಿಸಿದ್ದನು. ಕಲ್ಲಿದ್ದಲ ಬೆಂಕಿಯಲ್ಲಿ ತಯಾರಾದ ಅಲ್ಲಿಯ ದಪ್ಪ ಗಾಜು ಒತ್ತಡವನ್ನು ತಡೆಯಿತು. 1728ರ ರಾಜಾಜ್ಞೆಯು ಈ ಮದ್ಯವನ್ನು ಸೀಸೆಗಳಲ್ಲಿ ಸಾಗಿಸಲು ಅನುಮತಿ ನೀಡಿತು. ಮರುವರ್ಷವೇ ರುಯಿನಾರ್ ಗೃಹ ಸ್ಥಾಪನೆಯಾಯಿತು.

ಈ ಗೃಹಗಳಲ್ಲಿ ರೂಢಿಗೆ ಬಂದ ಕ್ರಮವನ್ನು ಸಂಕ್ಷೇಪವಾಗಿ ಹೇಳುವುದಾದರೆ ಹೀಗಿದೆ. 4000 ಕಿಲೋಗ್ರಾಂ ಹಣ್ಣನ್ನು ಮೃದುವಾಗಿ ಒತ್ತಿ 2550 ಲೀಟರಿಗೆ ಮೀರದಂತೆ ರಸವನ್ನು ತೆಗೆಯುತ್ತಾರೆ. ಮೊದಲ ಹುದುಗು ಮುಗಿದ ಮೇಲೆ ಹಲವು ಗ್ರಾಮಗಳ, ಅನೇಕ ವೇಳೆ ಹಲವು ವರ್ಷಗಳ, ಮದ್ಯಗಳನ್ನು ಬೆರೆಸುತ್ತಾರೆ. ಬಳಿಕ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆಯನ್ನೂ ಕಿಣ್ವವನ್ನೂ ಸೇರಿಸಿ ಸೀಸೆಗೆ ತುಂಬಿ ಮುಚ್ಚುತ್ತಾರೆ. ಎರಡನೆಯ ಹುದುಗು ಸೀಸೆಯೊಳಗೇ ನಡೆದು ಸುಮಾರು ಆರು ವಾಯುಭಾರಗಳಷ್ಟು ಒತ್ತಡವುಂಟಾಗುತ್ತದೆ. ಕನಿಷ್ಠ 15 ತಿಂಗಳು, ಒಂದೇ ವರ್ಷದ ಬೆಳೆಯ ಮದ್ಯವಾದರೆ ಮೂರು ವರ್ಷ, ಅದು ಸುಣ್ಣಕಲ್ಲಿನ ನೆಲಮಾಳಿಗೆಯಲ್ಲಿ ಮಲಗಿರಬೇಕು. ಅನಂತರ ಸೀಸೆಗಳನ್ನು ದಿನದಿನವೂ ಸ್ವಲ್ಪ ಸ್ವಲ್ಪವಾಗಿ ತಿರುಗಿಸಿ, ತಲೆಕೆಳಗಾಗಿಸಿ, ಮಡ್ಡಿಯನ್ನು ಕೊರಳಿಗೆ ಇಳಿಸುತ್ತಾರೆ. ಕೊರಳನ್ನು ಹೆಪ್ಪುಗಟ್ಟಿಸಿ ಆ ಮಡ್ಡಿಯನ್ನು ಹೊರದೂಡಿ, ಬಿರಡೆಯಿಟ್ಟು ತಂತಿ ಬಿಗಿಯುತ್ತಾರೆ. 1805ರಲ್ಲಿ ವಿಧವೆಯಾಗಿ ವ್ಯಾಪಾರವನ್ನು ವಹಿಸಿಕೊಂಡ ಮದಾಂ ಕ್ಲಿಕೋಳ ಗೃಹದಲ್ಲಿ 1816ರ ಸುಮಾರಿಗೆ ಈ ತಿರುಗಿಸುವ ಕ್ರಮವು ರೂಪುಗೊಂಡಿತು. ಸಕ್ಕರೆಯ ಅಳತೆಯನ್ನು ಗೊತ್ತುಪಡಿಸುವ ವಿಧಾನವನ್ನು 1836ರಲ್ಲಿ ಪ್ರಕಟಿಸಿದವನು ಫ್ರಾನ್ಸ್ವಾ ಎಂಬ ಔಷಧಶಾಸ್ತ್ರಜ್ಞ. ಅದಕ್ಕೆ ಮೊದಲು ಸೀಸೆಗಳು ಸಿಡಿಯುವ ಭಯದಿಂದ ಕೆಲಸಗಾರರು ಕಬ್ಬಿಣದ ಮುಖಕವಚ ಧರಿಸಿ ನೆಲಮಾಳಿಗೆಗೆ ಇಳಿಯುತ್ತಿದ್ದರು.

ಇಷ್ಟು ಶ್ರಮದ ಫಲಕ್ಕೆ ಅಂಟಿದ ಹೆಸರು ಮಾತ್ರ ವರ್ತಕನದು. ಮುಮ್ ಗೃಹವನ್ನು 1827ರಲ್ಲಿ ಸ್ಥಾಪಿಸಿದವರು ಜರ್ಮನ್ ಮದ್ಯವ್ಯಾಪಾರಿ ಸೋದರರು. 1914ರಲ್ಲಿ ಮಹಾಯುದ್ಧ ಪ್ರಾರಂಭವಾದಾಗ, ಮುಮ್ ಮನೆತನದವರು ಫ್ರೆಂಚ್ ಪೌರತ್ವ ಪಡೆದಿರಲಿಲ್ಲವೆಂಬ ಕಾರಣದಿಂದ ಸರ್ಕಾರವು ಗೃಹವನ್ನು ವಶಪಡಿಸಿಕೊಂಡಿತು. ಒಡೆಯರು ಹೋದರೂ ಹೆಸರು ಉಳಿಯಿತು, ಮದ್ಯವೂ ಉಳಿಯಿತು. ಏಕೆಂದರೆ ತೋಟಗಳೂ ನೆಲಮಾಳಿಗೆಗಳೂ ಕೆಲಸ ಬಲ್ಲವರೂ ಅಲ್ಲಿಯೇ ಇದ್ದರು. ಇಂದಿಗೂ ಶಾಂಪೇನಿನ ದ್ರಾಕ್ಷಿತೋಟಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬೆಳೆಗಾರರ ಕೈಯಲ್ಲಿದೆ.

ಈ ಬೆಳೆಗಾರರಿಗೆ ನ್ಯಾಯವು ಸುಲಭವಾಗಿ ದೊರೆಯಲಿಲ್ಲ. ಕೆಲವು ವರ್ತಕರು ಹೊರಪ್ರಾಂತಗಳಿಂದ ಅಗ್ಗದ ದ್ರಾಕ್ಷಿಯನ್ನೂ ಮದ್ಯವನ್ನೂ ತರಿಸಿ ಶಾಂಪೇನ್ ಎಂಬ ಹೆಸರಿನಲ್ಲಿ ಮಾರುತ್ತಿದ್ದರು. 1908ರಲ್ಲಿ ಸರ್ಕಾರವು ಸೀಮೆಯ ಎಲ್ಲೆಗಳನ್ನು ಗುರುತಿಸಿದಾಗ ಓಬ್ ಜಿಲ್ಲೆಯನ್ನು ಹೊರಗಿಟ್ಟಿತು, ಅಲ್ಲಿಯವರು ಕೆರಳಿದರು. 1911ರ ಜನವರಿಯಲ್ಲಿಯೂ ಏಪ್ರಿಲಿನಲ್ಲಿಯೂ ಮಾರ್ನ್ ಕಣಿವೆಯಲ್ಲಿ ದಂಗೆಗಳೆದ್ದವು. ಆಯ್ ಎಂಬ ಊರಿನಲ್ಲಿ ವರ್ತಕರ ಕಟ್ಟಡಗಳು ಬೆಂಕಿಗೆ ಆಹುತಿಯಾಗಿ, ಮದ್ಯವು ಬೀದಿಗಳಲ್ಲಿ ಹರಿಯಿತು, ಸೈನ್ಯವನ್ನು ಕರೆಸಬೇಕಾಯಿತು. ಕೊನೆಗೆ 1927ರ ಕಾನೂನು ಎಲ್ಲೆಗಳನ್ನೂ ತಳಿಗಳನ್ನೂ ಖಚಿತಗೊಳಿಸಿತು. 1941ರಲ್ಲಿ ಬೆಳೆಗಾರರೂ ವರ್ತಕರೂ ಸಮಸಮನಾಗಿ ಕುಳಿತು ವ್ಯವಹರಿಸುವ ಜಂಟಿ ಸಮಿತಿಯೊಂದು ಏರ್ಪಟ್ಟಿತು. ನಮ್ಮ ಅಭಿಪ್ರಾಯದಲ್ಲಿ ಶಾಂಪೇನಿನ ಪರಂಪರೆಯೆಂಬುದು ನೆಲಮಾಳಿಗೆಯಲ್ಲಿ ಎಷ್ಟು ರೂಪುಗೊಂಡಿತೋ ಈ ಒಡಂಬಡಿಕೆಯಲ್ಲಿಯೂ ಅಷ್ಟೇ ರೂಪುಗೊಂಡಿತು.

ಈಗ ನಮ್ಮ ಸೀಮೆಗೆ ಬರೋಣ. ಇಲ್ಲಿಯ ಬೆಳೆಗಾರನ ಆಧಾರವು ಫ್ರೆಂಚ್ ತಳಿಗಳಿಗಿಂತ ಹೆಚ್ಚಾಗಿ ‘ಬೆಂಗಳೂರು ಬ್ಲೂ’ ಎಂಬ ಕಪ್ಪುನೀಲಿ ದ್ರಾಕ್ಷಿ. ತೋಟಗಾರಿಕೆಯ ತಜ್ಞರು ಇದನ್ನು ಅಮೆರಿಕದ ಮೂಲದ ‘ಇಸಬೆಲ್ಲಾ’ ತಳಿಯೆಂದು ಗುರುತಿಸುತ್ತಾರೆ. ಮದ್ಯಕ್ಕೆ ತಕ್ಕ ತಳಿಯಲ್ಲವೆಂದು ಫ್ರಾನ್ಸ್ 1934ರಲ್ಲಿ ನಿಷೇಧಿಸಿದ ಆರು ತಳಿಗಳಲ್ಲಿ ಇಸಬೆಲ್ಲಾ ಒಂದು. ಅಲ್ಲಿ ಬಹಿಷ್ಕೃತವಾದ ಬಳ್ಳಿ ಇಲ್ಲಿ ಬೇರುಬಿಟ್ಟಿತು. ಚಳಿಗಾಲದ ನಿದ್ರೆಯೇ ಇಲ್ಲದ ಈ ಹವೆಯಲ್ಲಿ ರೈತನು ಕತ್ತರಿಯಿಂದ ಬಳ್ಳಿಯನ್ನು ಸವರಿ ಋತುವನ್ನು ತಾನೇ ನಿರ್ಮಿಸಿಕೊಂಡು, ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾನೆ. 2007ರಲ್ಲಿ ಕರ್ನಾಟಕ ಸರ್ಕಾರವು ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿತು. 2013ರಲ್ಲಿ ‘ಬೆಂಗಳೂರು ಬ್ಲೂ’ ಭೌಗೋಳಿಕ ಸೂಚಕದ ಮಾನ್ಯತೆ ಪಡೆಯಿತು.

ಹೆಸರಿಗೆ ಕಾನೂನಿನ ರಕ್ಷಣೆ ದೊರೆತುದು ಸಂತೋಷದ ವಿಷಯವೇ ಸರಿ. ಆದರೆ ಭೌಗೋಳಿಕ ಸೂಚಕವು ಬೆಲೆಯನ್ನು ಗೊತ್ತುಮಾಡುವುದಿಲ್ಲ, ಕೊಳ್ಳುವವನನ್ನೂ ಬೆಳೆಯುವವನನ್ನೂ ಒಂದೇ ಮೇಜಿನ ಮುಂದೆ ಕೂರಿಸುವುದಿಲ್ಲ, ನೆಲವನ್ನೂ ಉಳಿಸುವುದಿಲ್ಲ. ನಂದಗುಡಿ ಹೋಬಳಿಯ ಜಮೀನುಗಳನ್ನು ವಿಶೇಷ ಆರ್ಥಿಕ ವಲಯಕ್ಕೆ ತೆಗೆದುಕೊಳ್ಳುವ ಪ್ರಸ್ತಾವವನ್ನು 2007ರ ಸುಮಾರಿನಲ್ಲಿ ಇಲ್ಲಿಯ ರೈತರು ವಿರೋಧಿಸಿದುದನ್ನು ಈ ಸಂದರ್ಭದಲ್ಲಿ ನೆನೆಯಬೇಕು. ಮುಮ್ ಗೃಹವು ಒಡೆಯರನ್ನು ಕಳೆದುಕೊಂಡೂ ಬಾಳಿತು. ತೋಟಗಳನ್ನು ಕಳೆದುಕೊಂಡಿದ್ದರೆ ಬಾಳುತ್ತಿರಲಿಲ್ಲ. ನಮ್ಮ ಸೀಮೆಯ ದ್ರಾಕ್ಷಿಗೂ ಈ ಮಾತು ಅನ್ವಯಿಸುತ್ತದೆ. ಚಪ್ಪರವಿದ್ದ ನೆಲವೇ ಹೋದ ಮೇಲೆ ಕಡತದಲ್ಲಿ ಉಳಿದ ಹೆಸರಿನಿಂದ ಯಾರಿಗೂ ಪ್ರಯೋಜನವಾಗದು. ಹೆಸರು, ನೆಲ, ಬೆಲೆ ಈ ಮೂರನ್ನೂ ಒಟ್ಟಿಗೆ ಕಾಯುವ ಏರ್ಪಾಡನ್ನು ಫ್ರಾನ್ಸಿನವರು ದಂಗೆಯ ಅನಂತರ ಕಂಡುಕೊಂಡರು. ನಾವು ಅದನ್ನು ಓದಿನಿಂದಲೇ ಕಂಡುಕೊಳ್ಳಬಹುದು.