ಹಿಮಸೋಪಾನವೂ ಸ್ವಾಮಿಯ ಹೊಣೆಗಾರಿಕೆಯೂ

ಪರರ ಮೆಟ್ಟಿಲಿನಲ್ಲಿ ಹಿಮದ ಮೇಲೆ ಕಾಲುಜಾರಿ ಬಿದ್ದವನ ನಷ್ಟವನ್ನು ಯಾರು ತುಂಬಿಕೊಡತಕ್ಕದ್ದು? ಶೀತದೇಶಗಳಲ್ಲಿ ಈ ಪ್ರಶ್ನೆಯು ಅಲ್ಪವಾದುದಲ್ಲ. ಅಮೆರಿಕದ ಮಸಾಚುಸೆಟ್ಸ್ ಸಂಸ್ಥಾನದ ಉಚ್ಚತಮ ನ್ಯಾಯಸ್ಥಾನವು ಇದಕ್ಕೆ 1883ರಲ್ಲಿ ಕೊಟ್ಟ ಉತ್ತರವನ್ನು ಬಿಡಲು 127 ವರ್ಷಗಳು ಬೇಕಾದುವು.

1883ರ ವ್ಯಾಜ್ಯವು ನಾಮ್‌ಕೀಗ್ ಹತ್ತಿಗಿರಣಿಯ ಸಂಘಕ್ಕೆ ಸೇರಿದ ಬಾಡಿಗೆಮನೆಯ ಮೆಟ್ಟಿಲುಗಳಿಗೆ ಸಂಬಂಧಿಸಿದುದು. ಅಲ್ಲಿ ಬಾಡಿಗೆಗಿದ್ದವರೊಬ್ಬರು ಹಿಮದಲ್ಲಿ ಜಾರಿಬಿದ್ದು ಪರಿಹಾರವನ್ನು ಬೇಡಿದರು. ಆಕಾಶದಿಂದ ಬಿದ್ದು ತಾನಾಗಿ ಕೂಡಿದ ಹಿಮವನ್ನು ತೆಗೆಯುವುದು ಮನೆಯೊಡೆಯನ ಕರ್ತವ್ಯವಲ್ಲವೆಂದು ತೀರ್ಪಾಯಿತು. ಸಹಜಸಂಚಯ, ಅಸಹಜಸಂಚಯ ಎಂಬ ಭೇದವು ಇದರಿಂದ ಹುಟ್ಟಿತು. ಸೂರಿನ ದೋಣಿಯಿಂದ ಸೋರಿ ಹೆಪ್ಪುಗಟ್ಟಿದ ನೀರು ಅಸಹಜ. ಅದಕ್ಕೆ ಒಡೆಯನು ಹೊಣೆ. ಬಿದ್ದಂತೆಯೇ ಇದ್ದ ಹಿಮವು ಸಹಜ, ಅದಕ್ಕೆ ಹೊಣೆಯಿಲ್ಲ.

ಈ ಭೇದದ ಫಲವು ವಿಪರೀತವಾದುದು. ಸಲಿಕೆಯನ್ನು ಮುಟ್ಟದವನು ನಿಶ್ಚಿಂತನಾಗಿದ್ದನು. ಹಿಮವನ್ನು ಸರಿಸಿದವನೇ ತಾನು ಅದನ್ನು ಅಸಹಜವಾಗಿಸಿದೆನೋ ಎಂದು ಅಂಜಬೇಕಾಯಿತು. ನೆರೆಯ ಕನೆಟಿಕಟ್ ಸಂಸ್ಥಾನವಾದರೋ 1925ರಲ್ಲಿಯೇ ಈ ನಿಯಮವನ್ನು ಒಲ್ಲದೆ, ಬಾಡಿಗೆಮನೆಯ ಸಾಮಾನ್ಯಮಾರ್ಗದಲ್ಲಿ ಹಿಮದ ವಿಷಯದಲ್ಲಿಯೂ ಯುಕ್ತವಾದ ಜಾಗರೂಕತೆಯು ಒಡೆಯನ ಕರ್ತವ್ಯವೆಂದು ನಿರ್ಣಯಿಸಿತು.

2002ರ ಡಿಸೆಂಬರಿನಲ್ಲಿ ಮಸಾಚುಸೆಟ್ಸಿನ ಡ್ಯಾನ್ವರ್ಸ್ ಊರಿನ ಅಂಗಡಿಯೊಂದರ ವಾಹನನಿಲುಗಡೆಯಲ್ಲಿ ಒಬ್ಬನು ಹಿಮಗಡ್ಡೆಯ ಮೇಲೆ ಜಾರಿಬಿದ್ದನು. ಆ ಗಡ್ಡೆಯು ರಾಶಿ ಹಾಕಿದ್ದ ಹಿಮದಿಂದ ಉದುರಿದುದೋ, ಅದು ಕರಗಿ ಮತ್ತೆ ಹೆಪ್ಪುಗಟ್ಟಿದುದೋ ತಿಳಿಯದು. ಎರಡೂ ಸಹಜವೇ ಎಂದು ಕೆಳಗಿನ ನ್ಯಾಯಸ್ಥಾನವು ದಾವೆಯನ್ನು ತಳ್ಳಿತು. 2010ರ ಜುಲೈ 26ರಂದು ಉಚ್ಚತಮ ನ್ಯಾಯಸ್ಥಾನವು ಆ ಭೇದವನ್ನೇ ರದ್ದುಮಾಡಿತು. ಅಪಾಯವು ಹಿಮದಿಂದ ಬಂದರೂ ತುಕ್ಕುಹಿಡಿದ ಕೈಪಿಡಿಯಿಂದ ಬಂದರೂ ಒಡೆಯನ ಕರ್ತವ್ಯವು ಒಂದೇ. ಎಷ್ಟು ಜನರು ನಡೆದಾಡುವರು, ಅಪಾಯವೆಷ್ಟು, ನಿವಾರಣೆಯ ಶ್ರಮವೆಷ್ಟು ಎಂಬುದನ್ನು ನೋಡಿ ಜಾಗರೂಕತೆಯ ಪ್ರಮಾಣವನ್ನು ಗೊತ್ತುಮಾಡಬೇಕು.

ದೈವ-ಮಾನುಷಗಳ ವಿವೇಚನೆಯು ಭಾರತೀಯ ವ್ಯವಹಾರಶಾಸ್ತ್ರಕ್ಕೂ ಪರಿಚಿತವಾದುದು. ನಂಬಿ ಒಪ್ಪಿಸಿದ ಒಡವೆಯು ದೈವದಿಂದ ನಷ್ಟವಾದರೆ ಇಟ್ಟುಕೊಂಡವನು ತೆರಬೇಕಾಗಿಲ್ಲ. ಆದರೆ ಕೇಳಿದಾಗ ಕೊಡದೆ ಇಟ್ಟುಕೊಂಡಿದ್ದು ಅನಂತರ ನಷ್ಟವಾದರೆ ತೆರಲೇಬೇಕೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸುತ್ತದೆ. ದೈವವು ನಿಮಿತ್ತವಾದರೂ ಮನುಷ್ಯನ ಪ್ರಮಾದವು ಅದಕ್ಕೆ ಮುಂದಾಗಿದ್ದರೆ ಹೊಣೆಯು ತಪ್ಪದು. ಹಿಮವು ಬೀಳುವುದು ದೈವಾಧೀನ. ಬಿದ್ದುದನ್ನು ಕಂಡೂ ಸುಮ್ಮನಿರುವುದು ದೈವಾಧೀನವಲ್ಲ.