ಕಟ್ಟಬೆಟ್ಟಿನ ಚಳಿ ಮತ್ತು ಅಜ್ಜಿಯ ಹೊಲಿಗೆ ಮಿಷನ್

ಅಮೆರಿಕದ ಐಸಾಕ್ ಸಿಂಗರ್ ತನ್ನ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1851ರಲ್ಲಿ. ಮುಂದೆ ಆ ಕಂಪೆನಿ ಸ್ಕಾಟ್‌ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿ ಭಾರೀ ಕಾರ್ಖಾನೆ ಕಟ್ಟಿತು. ಕಂತಿನಲ್ಲಿ ಹಣ ಕಟ್ಟುವ ಅನುಕೂಲದಿಂದ ಸಿಂಗರ್ ಸಾಧಾರಣ ಮನೆಗಳನ್ನೂ ಸೇರಿತು. ಯಂತ್ರಗಳ ಹುಚ್ಚನ್ನು ಟೀಕಿಸುತ್ತಿದ್ದ ಗಾಂಧೀಜಿಯವರೂ 1924ರಲ್ಲಿ ಇದಕ್ಕೆ ವಿನಾಯಿತಿ ಕೊಟ್ಟಿದ್ದರು.

ನೀಲಗಿರಿಯ ಕಟ್ಟಬೆಟ್ಟಿನ ನಮ್ಮ ಮನೆಯಲ್ಲೂ ಅಜ್ಜಿಯ ಕಾಲದ ಸಿಂಗರ್ ಒಂದಿದೆ. ಅದರ ನಂಬರಿನ ಮೊದಲಕ್ಷರ ‘ವೈ’. ಅಂದರೆ 1920-30ರ ದಶಕಗಳಲ್ಲಿ ಕ್ಲೈಡ್‌ಬ್ಯಾಂಕಿನಲ್ಲಿ ತಯಾರಾದದ್ದು. ಆ ಕಾರ್ಖಾನೆ 1980ರಲ್ಲೇ ಮುಚ್ಚಿತು, ಮಿಷನ್ ಮಾತ್ರ ಉಳಿದಿದೆ.

ಒಂದು ಚಳಿಗಾಲದಲ್ಲಿ ಇದರ ಚಕ್ರ ತಿರುಗದಾಯಿತು. ರಿಪೇರಿಯವರು ‘ಗುಜರಿಗೆ ಹಾಕಿ’ ಎಂದರು. ನಮಗೆ ಮನಸ್ಸು ಬರಲಿಲ್ಲ. ಬಿಚ್ಚಿ ನೋಡಿದರೆ ಕಾರಣ ತೆಂಗಿನೆಣ್ಣೆ! ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಹಳತಾದರೆ ಅಂಟಾಗುತ್ತದೆ. ನಮ್ಮ ಬೆಟ್ಟದ ಚಳಿಗೆ ಕೇಳಬೇಕೆ?

ಬೆಲ್ಟ್, ಸೂಜಿ ತೆಗೆದು, ಎಣ್ಣೆ ತೂತುಗಳಿಗೆ ಸೀಮೆಎಣ್ಣೆ ಹನಿಸಿ ಒಂದು ರಾತ್ರಿ ಬಿಟ್ಟೆವು. ಬೆಳಿಗ್ಗೆ ಚಕ್ರವನ್ನು ಹಿಂದೆ ಮುಂದೆ ಮೆಲ್ಲಗೆ ಆಡಿಸಿ ಸಡಿಲಿಸಿದೆವು. ಕೊಳೆ ಒರೆಸಿ ಮಿಷನ್ ಎಣ್ಣೆ ಬಿಟ್ಟೆವು. ಬಟ್ಟೆಯಡಿ ನೂಲು ಗಂಟಾಗುತ್ತಿತ್ತು. ಮೇಲಿನ ನೂಲನ್ನು ಬಿಗಿ ಬಿಲ್ಲೆಗಳ ನಡುವೆ ಸರಿಯಾಗಿ ಕೂರಿಸಿದಾಗ ಅದೂ ನಿಂತಿತು.

ನಿಮ್ಮ ಮನೆಯ ಮೂಲೆಯಲ್ಲೂ ಇಂಥ ಮಿಷನ್ ಇದ್ದರೆ, ಗುಜರಿಯವನನ್ನು ಕರೆಯುವ ಮೊದಲು ಒಳಗಿರುವ ಎಣ್ಣೆ ಯಾವುದೆಂದು ನೋಡಿ.