ಸಮಾಂತರ ಪಟ್ಟಿ

ಸಾಗರನಕ್ಷೆಯ ಮೇಲೆ ಹಡಗಿನ ಹಾದಿಯನ್ನು ಗುರುತಿಸಿ, ಅದರ ದಿಕ್ಕನ್ನು ಅಳೆಯಲು ನಾವಿಕರು ಬಳಸುವ ಉಪಕರಣ. ಸಮ ಉದ್ದದ ಎರಡು ಲೋಹದ ತೋಳುಗಳಿಂದ ಜೋಡಿಸಿದ ಎರಡು ಪಟ್ಟಿಗಳು ಇದರ ಭಾಗಗಳು. ಒಂದನ್ನು ಒತ್ತಿಹಿಡಿದು ಇನ್ನೊಂದನ್ನು ಸರಿಸಿದರೆ, ಎರಡರ ಅಂಚುಗಳೂ ಸಮಾಂತರವಾಗಿಯೇ ಉಳಿಯುತ್ತವೆ.

ಇಟಲಿಯ ಗಣಿತಜ್ಞ ಫಾಬ್ರಿಟ್ಸಿಯೊ ಮೊರ್ದೆಂತೆ 1584ರಲ್ಲಿ ಇದನ್ನು ರೂಪಿಸಿದನೆಂದು ಹೇಳುತ್ತಾರೆ. ಹಡಗುಗಳಲ್ಲಿ ಇದರ ಬಳಕೆ ವ್ಯಾಪಕವಾದದ್ದು ಮಾತ್ರ ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ. ಇದಕ್ಕೆ ಬೇಕಾದ ನೆಲೆಯನ್ನು ಗೆರಾರ್ಡಸ್ ಮರ್ಕೇಟರ್‌ನ 1569ರ ಭೂಪಟ ಮೊದಲೇ ಒದಗಿಸಿತ್ತು. ಆ ವಿಧಾನದ ನಕ್ಷೆಯಲ್ಲಿ ಒಂದೇ ದಿಕ್ಕಿನಲ್ಲಿ ಸಾಗುವ ಹಾದಿ ಸರಳರೇಖೆಯಾಗಿರುತ್ತದೆ, ಎಲ್ಲ ರೇಖಾಂಶಗಳನ್ನೂ ಅದೇ ಕೋನದಲ್ಲಿ ಕತ್ತರಿಸುತ್ತದೆ. ಆದ್ದರಿಂದ ಹಾದಿಯ ಗೆರೆಗೆ ಪಟ್ಟಿಯನ್ನಿಟ್ಟು, ಹೆಜ್ಜೆ ಹೆಜ್ಜೆಯಾಗಿ ನಕ್ಷೆಯಲ್ಲಿ ಮುದ್ರಿತವಾದ ದಿಕ್ಚಕ್ರದ ಕೇಂದ್ರದವರೆಗೆ ನಡೆಸಿ ಕೋನವನ್ನು ಓದಬಹುದು.

ಹೀಗೆ ನಡೆಸುವಾಗ ಪಟ್ಟಿ ಜಾರುವುದೇ ದೊಡ್ಡ ತೊಡಕು. ಓಲಾಡುವ ಹಡಗಿನಲ್ಲಿ, ದಿಕ್ಚಕ್ರ ದೂರದಲ್ಲಿದ್ದರೆ ತಪ್ಪಿನ ಸಾಧ್ಯತೆ ಇನ್ನೂ ಹೆಚ್ಚು. ಬ್ರಿಟನ್ನಿನ ಕ್ಯಾಪ್ಟನ್ ಫೀಲ್ಡ್ 1854ರಲ್ಲಿ ಪಟ್ಟಿಯ ಅಂಚಿನಲ್ಲೇ ಕೋನಮಾಪಕದ ಅಂಶಗಳನ್ನು ಕೊರೆಸಿ ಇದಕ್ಕೆ ಪರಿಹಾರ ಕಂಡ: ಹತ್ತಿರದ ಯಾವುದಾದರೂ ರೇಖಾಂಶಕ್ಕೆ ಹೊಂದಿಸಿದರೆ ಸಾಕು, ದಿಕ್ಕು ಅಲ್ಲೇ ಸಿಗುತ್ತದೆ. ಉಪಕರಣದ ಚರಿತ್ರೆಯಲ್ಲಿ ಇದೇ ಅತ್ಯಂತ ಉಪಯುಕ್ತ ಸುಧಾರಣೆ. ಜಾರದೆ ಉರುಳುವ, ಗಾಲಿಗಳ ಮೇಲಿನ ಪಟ್ಟಿಯೂ ಬಳಕೆಯಲ್ಲಿದೆ.

ಹಿಂದೆ ಕರಿಮರ, ಹಿತ್ತಾಳೆಗಳಲ್ಲಿ ತಯಾರಾಗುತ್ತಿದ್ದ ಪಟ್ಟಿಗಳು ಈಗ ಹೆಚ್ಚಾಗಿ ಪಾರದರ್ಶಕ ಪ್ಲಾಸ್ಟಿಕ್ಕಿನವು. ದೊಡ್ಡ ಹಡಗುಗಳಿಗೆ 2012ರಿಂದ ಹಂತಹಂತವಾಗಿ ವಿದ್ಯುನ್ಮಾನ ನಕ್ಷಾವ್ಯವಸ್ಥೆ ಕಡ್ಡಾಯವಾಗಿದ್ದರೂ, ಕಾಗದದ ನಕ್ಷೆಯನ್ನು ಬಳಸುವ ನಾವಿಕರು ಇಂದಿಗೂ ಈ ಪಟ್ಟಿಯನ್ನು ಉಪಯೋಗಿಸುತ್ತಾರೆ.